ಹಳೆಯ ಸರಕು ವ್ಯಾನು ಕುಟುಂಬದ ಪ್ರವಾಸಕ್ಕೆ: ಮೊದಲು ಆಸನ, ಆಮೇಲೆ ಹಾಸಿಗೆ

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದವರು. ಗಂಡ, ಹೆಂಡತಿ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಕೊಲ್ಹಾಪುರದಲ್ಲಿ ಕೊರಿಯರ್ ಸಾಗಿಸುತ್ತಿದ್ದ ಎತ್ತರದ ಡೆಲಿವರಿ ವ್ಯಾನೊಂದು ಕಡಿಮೆ ಬೆಲೆಗೆ ಸಿಗುವಂತಿದೆ. ಒಳಗೆ ಮಂಚ, ಸಣ್ಣ ಅಡುಗೆಕಟ್ಟೆ, ಫ್ಯಾನು, ದೀಪ ಮಾಡಿಸಿಕೊಂಡು ರಜೆಯಲ್ಲಿ ಬಾದಾಮಿ, ನವಿಲುತೀರ್ಥ, ಚೋರ್ಲಾ ಘಾಟಿನ ಮೂಲಕ ಗೋವಾ ಕಡೆಗೆ ಹೋಗಬೇಕೆಂಬ ಆಸೆಯಿದೆ. ನಮ್ಮ ಮನೆಯ ಕಪಾಟು ಮಾಡಿಕೊಟ್ಟ ಬಡಿಗೇರರು ಇದನ್ನೂ ಮಾಡಿಕೊಡುತ್ತೇವೆ ಎನ್ನುತ್ತಾರೆ. ಯಾವ ಕೆಲಸ ಮೊದಲು? ಬ್ಯಾಟರಿ, ಸೌರ ಫಲಕ ಎಷ್ಟು ಬೇಕು? ಗ್ಯಾಸ್ ಒಳಗಿಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮಲಗುವ ಜಾಗದ ಬಗ್ಗೆಯೂ ಅಡುಗೆಯ ಜಾಗದ ಬಗ್ಗೆಯೂ ಮಾತಿದೆ, ಆದರೆ ನವನಗರ ಬಿಟ್ಟ ಗಾಡಿ ಚೋರ್ಲಾ ಘಾಟು ಇಳಿಯುವ ತನಕ ಆ ಇಬ್ಬರು ಮಕ್ಕಳು ಎಲ್ಲಿ ಕುಳಿತಿರುತ್ತಾರೆ ಎಂಬ ಮಾತು ಎಲ್ಲಿಯೂ ಇಲ್ಲ. ಈ ಕೆಲಸಕ್ಕೆ ಕೈಹಾಕುವ ಬಹುತೇಕ ಕುಟುಂಬಗಳು ಹಾಸಿಗೆಯಿಂದಲೇ ಯೋಚನೆ ಆರಂಭಿಸುತ್ತವೆ. ನಾನು ಹೇಳುವ ಕ್ರಮ ಅದಕ್ಕೆ ತಿರುವುಮುರುವಾದದ್ದು: ಮೊದಲು ನಾಲ್ವರು ಕೂರುವ ವ್ಯವಸ್ಥೆ ಮತ್ತು ಅದಕ್ಕೆ ಹೊಂದುವ ಕಾಗದಪತ್ರ, ಮಿಕ್ಕಿದ್ದೆಲ್ಲ ಅನಂತರ. ನೀವು ನೋಡಿಟ್ಟಿರುವಂಥ ವ್ಯಾನಿನಲ್ಲಿ ಚಾಲಕನ ಆಸನವೂ ಸೇರಿ ಎರಡೋ ಮೂರೋ ಆಸನಗಳಿರುತ್ತವೆ, ಮತ್ತು ನೋಂದಣಿ ಪತ್ರದ ಪ್ರಕಾರ ಅದು ಸರಕು ಸಾಗಣೆಯ ವಾಹನ. ಹಿಂದಿನ ಖಾಲಿ ಜಾಗದಲ್ಲಿ ಮಂಚ ಹಾಕಿದ ಮಾತ್ರಕ್ಕೆ ಅದು ಜನರನ್ನು ಕೂರಿಸಿಕೊಂಡು ಹೋಗುವ ವಾಹನವಾಗುವುದಿಲ್ಲ.

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ನಿಯಮಕ್ಕೆ ಹೊರತಾದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ದಂಡ ಬಂದರೆ ಕಟ್ಟಿದರಾಯಿತು ಎನ್ನುವವರಿಗೆ ನಾನು ವಿಮೆಯ ವಿಷಯ ಹೇಳುತ್ತೇನೆ. ಸರಕು ವಾಹನದಲ್ಲಿ ಬಾಡಿಗೆಯಿಲ್ಲದೆ ಪ್ರಯಾಣಿಸುತ್ತಿದ್ದವರಿಗೆ ಅಪಘಾತವಾದಾಗ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ, ಆಶಾ ರಾಣಿ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಹಿಂದೆ ಮಂಚದ ಮೇಲೆ ಕುಳಿತ ನಿಮ್ಮ ಮಕ್ಕಳು ವಿಮೆಯ ಕಣ್ಣಿಗೆ ಅಂಥ ಪ್ರಯಾಣಿಕರೇ ಆಗುತ್ತಾರೆ. ಇದಲ್ಲದೆ, ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನ ಇಲ್ಲದಿದ್ದರೆ ಚಾಲಕನಿಗೆ 1,000 ರೂಪಾಯಿ ದಂಡ ವಿಧಿಸುವ 194ಬಿ ಕಲಂ ಬೇರೆಯೇ ಇದೆ.

ಹಾಗೆಂದು ಆಸೆಯನ್ನೇ ಬಿಡಬೇಕಾಗಿಲ್ಲ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನು, ಅಂದರೆ ಮಲಗುವ ಸೌಕರ್ಯವಿರುವ ಪ್ರವಾಸದ ಗಾಡಿ, ಎಂಬ ವರ್ಗ ನಮ್ಮ ಕಾನೂನಿನಲ್ಲಿ ಇದೆ; 2004ರಲ್ಲಿ ಕೇಂದ್ರ ಸರ್ಕಾರ ವಾಹನಗಳನ್ನು ವಿಂಗಡಿಸಿದಾಗ ಅದನ್ನು ಸಾರಿಗೆಯೇತರ ವಾಹನಗಳ ಗುಂಪಿಗೆ ಸೇರಿಸಿತು. ಮೋಟಾರು ಕ್ಯಾರವಾನ್ ಹೇಗಿರಬೇಕು ಎಂಬುದಕ್ಕೆ ಎಐಎಸ್-124 ಎಂಬ ವಾಹನ ತಯಾರಿಕೆಯ ಮಾನದಂಡವೂ ಇದೆ. ಆದರೆ ಒಂದೇ ಒಂದು ಹಳೆಯ ಸರಕು ವ್ಯಾನನ್ನು ಈ ದಾರಿಯಲ್ಲಿ ಒಯ್ಯುವುದೆಂದರೆ ಮಾನ್ಯತೆ ಪಡೆದ ಬಾಡಿ ಬಿಲ್ಡರ್, ನಕ್ಷೆ, ಪರೀಕ್ಷಾ ಸಂಸ್ಥೆಯ ಒಪ್ಪಿಗೆ, ಆಮೇಲೆ ಆರ್‌ಟಿಓ ಪಾಸಿಂಗ್ ಎಂದು ಹೆಜ್ಜೆಗಳು ಬೆಳೆಯುತ್ತವೆ. ಕೊಲ್ಹಾಪುರದ ಗಾಡಿಯಾದ್ದರಿಂದ ಮಹಾರಾಷ್ಟ್ರದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕರ್ನಾಟಕದ ತೆರಿಗೆ, ಕೆಎ-29ರ ಹೊಸ ನೋಂದಣಿ ಇವೂ ಅದರ ಮೇಲೆ ಬಂದು ಕೂರುತ್ತವೆ. ಕಡಿಮೆ ಬೆಲೆಗೆ ಸಿಕ್ಕ ವ್ಯಾನು ಕಡಿಮೆ ಬೆಲೆಯಲ್ಲೇ ಉಳಿಯುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿದೆ: ನಾಲ್ವರ ಕುಟುಂಬಕ್ಕೆ ಸರಕು ವ್ಯಾನಿನ ಬದಲು, ಅದೇ ಗಾಡಿಯ ಪ್ರಯಾಣಿಕರ ಮಾದರಿಯನ್ನು ಹುಡುಕಿ. ಮಾರುತಿಯ ಈಕೋ, ಟಾಟಾದ ವಿಂಗರ್, ಫೋರ್ಸ್ ಕಂಪನಿಯ ಟ್ರಾವೆಲರ್ ಮೂರರಲ್ಲಿಯೂ ಸರಕಿನ ಗಾಡಿ ಬೇರೆ, ಜನರ ಗಾಡಿ ಬೇರೆ ಬರುತ್ತವೆ. ಜನರ ಗಾಡಿಯಲ್ಲಿ ಆಸನಗಳ ಬುಡ, ಬೆಲ್ಟಿನ ಕೊಂಡಿ, ಕಿಟಕಿ, ತುರ್ತು ನಿರ್ಗಮನ ಎಲ್ಲವೂ ಕಾರ್ಖಾನೆಯಲ್ಲಿಯೇ ಆಗಿರುತ್ತವೆ. ಹಳೆಯ ಟ್ರಾವೆಲರ್, ವಿಂಗರ್‌ಗಳು ಹೆಚ್ಚಾಗಿ ಬಾಡಿಗೆ ಗಾಡಿಗಳ ಹಳದಿ ಫಲಕದಲ್ಲಿರುತ್ತವೆ. ಪರ್ಮಿಟ್ ಒಪ್ಪಿಸಿ, ತೆರಿಗೆ ಕಟ್ಟಿ ಸ್ವಂತ ಬಳಕೆಯ ಬಿಳಿ ಫಲಕಕ್ಕೆ ತರುವ ಕೆಲಸ ಆರ್‌ಟಿಓ ಕಚೇರಿಗಳಿಗೆ ಪರಿಚಿತವಾದದ್ದೇ. ಆಸನಗಳ ಸಂಖ್ಯೆ ಇಳಿಸುವುದಾದರೆ ಅದಕ್ಕೂ ಮೊದಲೇ ಅರ್ಜಿ ಕೊಟ್ಟು ನೋಂದಣಿ ಪತ್ರದಲ್ಲಿ ತಿದ್ದಿಸಬೇಕು. ಇದಕ್ಕಿಂತ ಸುಲಭದ ಉಪಾಯವೂ ಇದೆ: ಆಸನಗಳನ್ನು ಮುಟ್ಟದೆ, ಅವುಗಳ ಹಿಂದೆ ಅಥವಾ ಮಡಚಿದ ಆಸನದ ಮೇಲೆ ಕೂರುವಂಥ, ಬೇಕೆಂದಾಗ ಕಳಚಿ ಮನೆಯೊಳಗೆ ಇಡಬಹುದಾದ ಮಂಚ ಮತ್ತು ಪೆಟ್ಟಿಗೆಗಳನ್ನು ಮಾಡಿಸಿಕೊಳ್ಳುವುದು. ಕಳಚಿ ಇಳಿಸಬಹುದಾದ ಪೆಟ್ಟಿಗೆ ಸಾಮಾನು ಮಾತ್ರ. ಅದು ವಾಹನದ ಮೂಲ ವಿವರವನ್ನು ಬದಲಿಸುವುದಿಲ್ಲ. ಆದರೂ ಕೆಲಸ ಶುರುಮಾಡುವ ಮೊದಲು ನಕ್ಷೆಯನ್ನು ಆರ್‌ಟಿಓ ನಿರೀಕ್ಷಕರಿಗೆ ತೋರಿಸಿ, ಅವರ ಮಾತನ್ನು ಲಿಖಿತವಾಗಿ ಪಡೆಯುವುದು ಒಳ್ಳೆಯದು.

ಅಳತೆಯ ವಿಷಯದಲ್ಲಿ ಭ್ರಮೆ ಬೇಡ. ಈಕೋದ ಹೊರಗಿನ ಅಗಲವೇ 1,475 ಮಿಲಿಮೀಟರ್. ಒಳಗೆ ಇಬ್ಬರು ಮಕ್ಕಳು ಹಾಯಾಗಿ ಮಲಗಬಹುದು, ನಾಲ್ವರು ಮಲಗಲಾರರು. ಮಕ್ಕಳು ಒಳಗೆ, ಹಿಂಬಾಗಿಲಿಗೆ ತಾಗಿಸಿ ಕಟ್ಟಿದ ಡೇರೆಯಲ್ಲಿ ನೀವಿಬ್ಬರು ಎಂಬ ಏರ್ಪಾಡಾದರೆ ಅದು ಸಾಲುತ್ತದೆ, ಮತ್ತು ಮೊದಲ ಪ್ರಯತ್ನಕ್ಕೆ ಇದಕ್ಕಿಂತ ಕಡಿಮೆ ಖರ್ಚಿನ ಹಾದಿ ನನಗೆ ಕಾಣುವುದಿಲ್ಲ. ನಾಲ್ವರೂ ಒಳಗೇ ಮಲಗಬೇಕೆಂದರೆ ಟ್ರಾವೆಲರ್ ಅಥವಾ ವಿಂಗರ್‌ನ ಉದ್ದನೆಯ ಮಾದರಿಯೇ ಬೇಕು. ಇವೆರಡರಲ್ಲಿ ವಿಂಗರ್ ಮುಂಗಾಲಿಯ ಎಳೆತದ ಗಾಡಿ, ಆದ್ದರಿಂದ ಅದರ ನೆಲ ತಗ್ಗು, ಚಿಕ್ಕ ಮಕ್ಕಳಿಗೆ ಹತ್ತಿಳಿಯಲು ಅನುಕೂಲ. ಟ್ರಾವೆಲರ್ ಹಿಂಗಾಲಿಯ ಎಳೆತದ್ದು, ನೆಲ ಎತ್ತರ.

ಯಾವ ಗಾಡಿಯೇ ಆಗಲಿ, ಇಸಾರ ಕೊಡುವ ಮೊದಲು ಅರ್ಧ ದಿನ ಅದರೊಂದಿಗೆ ಕಳೆಯಿರಿ. ಎಂಜಿನ್ ನೋಡುವುದು ನಿಮ್ಮ ಮಿಸ್ತ್ರಿಗೆ ಗೊತ್ತಿದೆ. ನೀವು ತಗಡನ್ನು ನೋಡಿ. ಎಂಜಿನ್ ಕೆಲಸ ಯಾವಾಗ ಬೇಕಾದರೂ ಮಾಡಿಸಬಹುದು, ಆದರೆ ಒಳಗೆ ಪ್ಲೈವುಡ್ ಹೊದಿಸಿದ ಮೇಲೆ ತಗಡಿನ ತುಕ್ಕು ಕಣ್ಣಿಗೆ ಬೀಳುವುದಿಲ್ಲ, ತಿನ್ನುವುದನ್ನು ನಿಲ್ಲಿಸುವುದೂ ಇಲ್ಲ. ನೆಲದ ರಬ್ಬರ್ ಹಾಸನ್ನು ಪೂರ್ತಿ ಎತ್ತಿಸಿ. ಹಾಲು, ಮೀನು, ಉಪ್ಪು, ಗೊಬ್ಬರ ಸಾಗಿಸಿದ ಗಾಡಿಯಾದರೆ ಹಾಸಿನ ಅಡಿ, ಜಾರುಬಾಗಿಲಿನ ಹಳಿಯ ಕೆಳಗೆ, ಹಿಂಬಾಗಿಲಿನ ಹೊಸ್ತಿಲಿನ ಮೂಲೆಯಲ್ಲಿ ಬಣ್ಣ ಉಬ್ಬಿರುತ್ತದೆ. ಆ ಉಬ್ಬಿನ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ: ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ, ಕೆಲವೊಮ್ಮೆ ಹಿಡಿಯೇ ಒಳಗೆ ಇಳಿಯುತ್ತದೆ. ಹಳೆಯ ತುಕ್ಕಿನ ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆಯೇ ಎಂದು ತಿಳಿಯಲು ಒಂದು ಸಣ್ಣ ಅಯಸ್ಕಾಂತ ಸಾಕು. ಪುಟ್ಟಿ ದಪ್ಪವಿದ್ದಲ್ಲಿ ಅದು ಹಿಡಿಯುವುದಿಲ್ಲ. ಅನಂತರ ಒಬ್ಬರು ಒಳಗೆ ಕುಳಿತು ಬಾಗಿಲು ಹಾಕಿಕೊಂಡು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಬೇಸಿಗೆಯಲ್ಲಿ ಬಾಗಲಕೋಟೆಯಲ್ಲಿ ಕೊಂಡ ಗಾಡಿ ಸೋರುತ್ತದೆ ಎಂಬುದು ಜುಲೈನಲ್ಲಿ ಖಾನಾಪುರ ದಾಟಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಕಾಗದದ ಕಡೆಗೆ ಬಂದರೆ, ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದನ್ನು ತೆಗೆಸುವ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ, ವರ್ಗಾವಣೆಯ ಫಾರ್ಮ್ 29 ಮತ್ತು 30, ಎಫ್‌ಸಿ (ವಾಹನದ ಅರ್ಹತಾ ಪತ್ರ), ಬಾಕಿ ಇ-ಚಲನ್ ಇಷ್ಟನ್ನು ಸರ್ಕಾರದ ವಾಹನ್ ಪೋರ್ಟಲ್‌ನ ವಿವರದೊಂದಿಗೆ ತಾಳೆ ನೋಡಿ. ಚಾಸಿ ಸಂಖ್ಯೆಯನ್ನು ಗಾಡಿಯ ಮೇಲೆಯೇ ಓದಿ. ಜೆರಾಕ್ಸ್ ಪ್ರತಿಯನ್ನು ನಂಬಬೇಡಿ.

ಇನ್ನು ಆಸನ. ಚಲಿಸುವಾಗ ಮಕ್ಕಳು ಮುಂದಕ್ಕೆ ಮುಖ ಮಾಡಿದ, ಕಾರ್ಖಾನೆಯ ಆಸನದಲ್ಲಿ, ಬೆಲ್ಟ್ ಹಾಕಿಕೊಂಡೇ ಕೂರಬೇಕು. ಐದು ವರ್ಷದ ಮಗುವಿಗೆ ಮಕ್ಕಳ ಆಸನ ಬೇಕೇ ಬೇಕು. ಗೋಡೆಗೆ ಒರಗಿಸಿ ಅಡ್ಡಲಾಗಿ ಹಾಕಿದ ಬೆಂಚು ಗಾಡಿ ನಿಂತಾಗ ಊಟಕ್ಕೆ ಚೆನ್ನ, ಓಡುವಾಗ ಯಾರೂ ಅದರ ಮೇಲೆ ಇರಕೂಡದು. ಪೇಟೆಯಲ್ಲಿ ಸಿಗುವ ಆಸನವನ್ನು ತಂದು ನೆಲದ ತಗಡಿಗೆ ನಟ್ಟು ಬೋಲ್ಟು ಹಾಕಿ ಕೂರಿಸುವವರಿದ್ದಾರೆ. ಡಿಕ್ಕಿಯಾದಾಗ ಆಸನ, ಮಗು ಮತ್ತು ಬೆಲ್ಟಿನ ಎಳೆತವೆಲ್ಲ ಆ ತೆಳ್ಳನೆಯ ತಗಡಿನ ಮೇಲೆ ಬಂದು ಬೋಲ್ಟು ತಗಡನ್ನು ಹರಿದುಕೊಂಡು ಬರುತ್ತದೆ. ಜೋರಾದ ಡಿಕ್ಕಿಯಲ್ಲಿ ಒಂದು ವಸ್ತುವಿನ ಮೇಲೆ ಬೀಳುವ ಬಲ ಅದರ ತೂಕದ ಇಪ್ಪತ್ತು ಪಟ್ಟನ್ನು ದಾಟಬಹುದು. ಹತ್ತು ಕಿಲೋದ ಪಾತ್ರೆಪೆಟ್ಟಿಗೆಯನ್ನು ಮಕ್ಕಳ ತಲೆಯ ಹಿಂದೆ ಕಟ್ಟದೆ ಇಡುವ ಮುನ್ನ ಈ ಲೆಕ್ಕ ಮಾಡಿ.

ನಿಮ್ಮ ಬಡಿಗೇರರ ಕೈ ಪಳಗಿದ್ದೆಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಮನೆಯ ಕಪಾಟು ಅಲುಗಾಡುವುದಿಲ್ಲ. ಅವರು ರೂಢಿಯಂತೆ 18 ಮಿಲಿಮೀಟರ್ ಪ್ಲೈವುಡ್ ತರುತ್ತಾರೆ. ಎಂಟಕ್ಕೆ ನಾಲ್ಕು ಅಡಿಯ ಅಂಥ ಒಂದು ಹಲಗೆ ಸುಮಾರು 35 ಕಿಲೋ ತೂಗುತ್ತದೆ. ಏಳು ಹಲಗೆಯ ಕೆಲಸವಾದರೆ ಸುಮಾರು ಎರಡೂವರೆ ಕ್ವಿಂಟಲ್ ಮರವೇ ಆಯಿತು. ಅಲ್ಯೂಮಿನಿಯಂ ಚೌಕಟ್ಟಿಗೆ 6 ಮಿಲಿಮೀಟರ್ ಹಲಗೆ ಹೊದಿಸಿ, ಮಲಗುವ ಜಾಗಕ್ಕೆ ಮಾತ್ರ 12 ಮಿಲಿಮೀಟರ್ ಹಾಕಿಸಿ. ಮೊಳೆ ಮತ್ತು ಅಂಟು ಮಾತ್ರ ಇದ್ದರೆ ಕಲ್ಲುಹಾಸಿನ ರಸ್ತೆಯಲ್ಲಿ ಕೀಲು ಬಿಡುತ್ತವೆ. ಅಂಟಿನ ಜೊತೆಗೆ ಸ್ಕ್ರೂ, ಗಾಡಿಯ ಪಕ್ಕೆಲುಬುಗಳಿಗೆ ರಿವೆಟ್ ನಟ್ಟು ಬೇಕು. ನೆಲಕ್ಕೆ ಡ್ರಿಲ್ ಇಳಿಸುವ ಪ್ರತಿ ಸಲವೂ ಒಬ್ಬರು ಗಾಡಿಯ ಕೆಳಗೆ ಹೋಗಿ ನೋಡಲೇಬೇಕು, ಏಕೆಂದರೆ ಡೀಸೆಲ್ ಕೊಳವೆ, ಬ್ರೇಕಿನ ಕೊಳವೆ, ತಂತಿಯ ಕಟ್ಟು ಎಲ್ಲ ಆ ತಗಡಿಗೆ ಅಂಟಿಕೊಂಡೇ ಹೋಗಿರುತ್ತವೆ. ಕೆಲಸ ಮುಗಿದ ಮೇಲೆ ನೀರು, ಸಾಮಾನು, ನಾಲ್ವರನ್ನೂ ಹತ್ತಿಸಿ ಎಪಿಎಂಸಿ ಹತ್ತಿರದ ವೇಬ್ರಿಡ್ಜ್ ಕಾಟಾದ ಮೇಲೆ ನಿಲ್ಲಿಸಿ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕವನ್ನು ಅದು ಮೀರಬಾರದು. ಮುಂದಿನ ಗಾಲಿ, ಹಿಂದಿನ ಗಾಲಿಗಳನ್ನು ಬೇರೆ ಬೇರೆಯಾಗಿ ತೂಗಿಸಿದರೆ ಭಾರ ಎತ್ತ ಕಡೆ ವಾಲಿದೆ ಎಂಬುದೂ ತಿಳಿಯುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಚಳಿಯ ಚಿಂತೆ ಕಡಿಮೆ, ಬಿಸಿಲಿನದೇ ಚಿಂತೆ. ಬಾಗಲಕೋಟೆ, ವಿಜಯಪುರಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ, ಬಿಸಿಲಿನಲ್ಲಿ ನಿಂತ ತಗಡಿನ ಗಾಡಿಯ ಒಳಗೆ ಅದಕ್ಕಿಂತ ಬಹಳ ಹೆಚ್ಚು. ಉಷ್ಣನಿರೋಧಕ ಹಾಳೆ ಹಾಕಿಸಿದರೆ ಒಳಗೆ ತಂಪಾಗುತ್ತದೆ ಎಂಬುದು ಪೂರ್ತಿ ನಿಜವಲ್ಲ. ಅದು ಶಾಖ ಒಳಬರುವ ವೇಗವನ್ನು ಮಾತ್ರ ಇಳಿಸುತ್ತದೆ, ಒಳಗೆ ಸೇರಿದ ಶಾಖವನ್ನು ಹೊರಗೆ ಹಾಕುವುದು ಗಾಳಿಯ ಕೆಲಸ. ಏರ್ ಕಂಡೀಷನರ್ ಕೊಳವೆಗಳಿಗೆ ಸುತ್ತುವ ನೈಟ್ರೈಲ್ ರಬ್ಬರ್ ಹಾಳೆ ಈ ಕೆಲಸಕ್ಕೆ ಯೋಗ್ಯ, ಏಕೆಂದರೆ ಅದು ತೇವ ಹೀರುವುದಿಲ್ಲ. ಥರ್ಮೋಕೋಲ್ ಬೇಡ, ಅಗ್ಗ ನಿಜ, ಆದರೆ ಬೇಗ ಹೊತ್ತಿಕೊಳ್ಳುತ್ತದೆ, ಮತ್ತು ಮಕ್ಕಳು ಅದರ ಕೆಳಗೆ ಮಲಗುತ್ತಾರೆ. ಹೊಳೆಯುವ ಅಲ್ಯೂಮಿನಿಯಂ ಹಾಳೆಯನ್ನು ತಗಡಿಗೂ ಹಲಗೆಗೂ ನಡುವೆ ಒತ್ತಿಬಿಟ್ಟರೆ ಅದರಿಂದ ಪ್ರಯೋಜನವಿಲ್ಲ, ಅದರ ಮುಂದೆ ಬೆರಳಗಲ ಗಾಳಿಯ ಸಂದು ಇರಬೇಕು. ಮೇಲ್ಛಾವಣಿಯ ಮೇಲೆ ಸೌರ ಫಲಕವನ್ನು ಎರಡು ಇಂಚು ಎತ್ತರಿಸಿ ಕೂರಿಸಿದರೆ ಅದೇ ನೆರಳಾಗುತ್ತದೆ.

ಬಿಸಿಗಾಳಿ ಹೊರಹೋಗಲು ಛಾವಣಿಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನು, ತಂಪು ಗಾಳಿ ಒಳಬರಲು ನೆರಳಿನ ಬದಿಯಲ್ಲಿ ಸೊಳ್ಳೆ ಜಾಲರಿಯ ಕಿಟಕಿ, ಇವೆರಡೂ ಸೇರಿದರೆ ಮಾತ್ರ ಗಾಳಿ ಹರಿಯುತ್ತದೆ. ಛಾವಣಿಗೆ ಕಂಡಿ ಕೊರೆಯುವುದು ಕೂಡ ಮಾರ್ಪಾಡೇ ಆದ್ದರಿಂದ ನಿರೀಕ್ಷಕರಿಗೆ ತೋರಿಸುವ ನಕ್ಷೆಯಲ್ಲಿ ಅದೂ ಇರಲಿ. ಕೊರೆಯುವಾಗ ಅಡ್ಡಪಟ್ಟಿಗಳನ್ನು ಕತ್ತರಿಸಬಾರದು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಸತುವಿನ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಪಾಲಿಯುರಿಥೇನ್ ಸೀಲೆಂಟ್ ಹಾಕಿಸಿ. ಮುಂದಿನ ಗಾಜು ಕೂರಿಸುವವರ ಬಳಿ ಅದು ಸಿಗುತ್ತದೆ. ಬಚ್ಚಲಿಗೆ ಬಳಸುವ ಸಿಲಿಕೋನ್ ಅಲುಗಾಟಕ್ಕೆ ಬಿಟ್ಟುಕೊಳ್ಳುತ್ತದೆ.

ವಿದ್ಯುತ್ತಿನ ಲೆಕ್ಕ ಹೀಗೆ ಮಾಡಿ. 25 ವಾಟ್‌ನ 12 ವೋಲ್ಟ್ ಫ್ಯಾನುಗಳು ಎರಡು, ಒಂಬತ್ತು ತಾಸು ತಿರುಗಿದರೆ 450 ವಾಟ್‌ತಾಸು; ದೀಪ ಮತ್ತು ಫೋನುಗಳಿಗೆ ಇನ್ನು 100. ಇಷ್ಟಕ್ಕೆ 100 ಆಂಪಿಯರ್‌ತಾಸಿನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ 1,280 ವಾಟ್‌ತಾಸು, ಎರಡು ರಾತ್ರಿ ಬರುತ್ತದೆ. ಸಣ್ಣ ಕಂಪ್ರೆಸರ್ ಫ್ರಿಜ್ ಸೇರಿಸಿದರೆ ಬಳಕೆ ಹೆಚ್ಚುಕಡಿಮೆ ಇಮ್ಮಡಿಯಾಗಿ ಅದೇ ಬ್ಯಾಟರಿ ಒಂದು ದಿನಕ್ಕೆ ಸೀಮಿತವಾಗುತ್ತದೆ. 200 ವಾಟ್‌ನ ಫಲಕ ನಮ್ಮ ಬಿಸಿಲಿನಲ್ಲಿ, ನಷ್ಟಗಳನ್ನೆಲ್ಲ ಕಳೆದು, ದಿನಕ್ಕೆ 700 ವಾಟ್‌ತಾಸಿನ ಆಸುಪಾಸು ಕೊಡುತ್ತದೆ. ಮಳೆಗಾಲದ ಘಾಟಿನಲ್ಲಿ ಅದನ್ನು ನೆಚ್ಚುವಂತಿಲ್ಲ, ಹಾಗಾಗಿ ಗಾಡಿ ಓಡುವಾಗ ಎಂಜಿನ್ ತಿರುಗಿಸುವ ವಿದ್ಯುತ್ ಜನಕವಾದ ಆಲ್ಟರ್ನೇಟರ್‌ನಿಂದ ತುಂಬುವ ಡಿಸಿ-ಡಿಸಿ ಚಾರ್ಜರ್ ಇರಲಿ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನೇ ಎತ್ತಿಡೋಣ ಎನ್ನುವವರಿಗೆ ನಾನು ಬೇಡವೆನ್ನುತ್ತೇನೆ: ಅದರ ತೂಕ ಐವತ್ತು ಕಿಲೋಗೂ ಹೆಚ್ಚು, ಅರ್ಧದಷ್ಟನ್ನೇ ಬಳಸಬೇಕು, ಮತ್ತು ಚಾರ್ಜ್ ಆಗುವಾಗ ಅದು ಬಿಡುವ ಹೈಡ್ರೋಜನ್ ಮಲಗುವ ಕೋಣೆಗೆ ತಕ್ಕದ್ದಲ್ಲ. ಲಿಥಿಯಂ ಬ್ಯಾಟರಿಗೂ ಬಿಸಿಲು ಆಗದು. ನೆಲದ ಮಟ್ಟದಲ್ಲಿ, ನೆರಳಿನ ಬದಿಯಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಕೂರಿಸಿ.

ಮನೆಯ ವೈರಿಂಗ್ ಮಾಡುವವರು ಇಲ್ಲಿ ಮೋಸಹೋಗುವುದು ತಂತಿಯ ದಪ್ಪದಲ್ಲಿ. ಮನೆಯ 230 ವೋಲ್ಟ್‌ನಲ್ಲಿ 600 ವಾಟ್‌ಗೆ ಮೂರು ಆಂಪಿಯರ್ ಕೂಡ ಹರಿಯುವುದಿಲ್ಲ. 12 ವೋಲ್ಟ್‌ನಲ್ಲಿ ಅದೇ 600 ವಾಟ್ ಎಂದರೆ ಐವತ್ತು ಆಂಪಿಯರ್. ಮನೆಗೆ ಎಳೆಯುವ ಒಂದೂವರೆ ಚದರ ಮಿಲಿಮೀಟರ್ ತಂತಿ ಅಲ್ಲಿ ಕಾದು ಹೊತ್ತಿಕೊಳ್ಳುತ್ತದೆ. ಇನ್ವರ್ಟರ್‌ಗೆ 16 ಚದರ ಮಿಲಿಮೀಟರಿಗಿಂತ ಕಡಿಮೆಯ ತಂತಿ ಬೇಡ, ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣು ದೂರದೊಳಗೆ ಫ್ಯೂಸ್ ಇರಲೇಬೇಕು, ತಂತಿ ತಗಡನ್ನು ದಾಟುವಲ್ಲಿ ರಬ್ಬರ್ ಬಳೆ ಇರಬೇಕು.

ಗ್ಯಾಸ್ ಒಳಗಿಡಬಹುದೇ ಎಂದು ಕೇಳಿದ್ದೀರಿ. ಇಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ನೀರಿನಂತೆ ಹರಡಿ ಮಂಚದ ಅಡಿಯಲ್ಲಿ ನಿಲ್ಲುತ್ತದೆ, ಅಲ್ಲೇ ನಿಮ್ಮ ಬ್ಯಾಟರಿಯ ಸ್ವಿಚ್ಚೂ ಇರುತ್ತದೆ. ಹಿಂಬಾಗಿಲು ತೆರೆದಾಗ ಹೊರಕ್ಕೆ ಎಳೆಯುವ ಅಡುಗೆಕಟ್ಟೆ ಮಾಡಿಸಿ, 5 ಕಿಲೋದ ಸಿಲಿಂಡರನ್ನು ನೇರವಾಗಿ ನಿಲ್ಲಿಸಿ ಕಟ್ಟಲು ಹೊರಗಿನಿಂದ ಮಾತ್ರ ತೆರೆಯುವ, ತಳದಲ್ಲಿ ಹೊರಕ್ಕೆ ತೂತಿರುವ ಪೆಟ್ಟಿಗೆ ಮಾಡಿಸಿ, ಅಡುಗೆಯನ್ನು ಬಯಲಿನಲ್ಲೇ ಮಾಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಹಿಂಡಿ ಕಟ್ಟಿಕೊಂಡು ಹೊರಡುವ ನಮ್ಮ ಕಡೆಯ ಪದ್ಧತಿಯಲ್ಲಿ ಒಲೆಯ ಕೆಲಸ ಚಹಾ, ಅನ್ನ, ಸಾರಿಗೆ ಮುಗಿಯುತ್ತದೆ. ಸೆಖೆಯಾಯಿತೆಂದು ರಾತ್ರಿ ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಸೇರಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಎರಡು ಕಿಲೋದ ಎಬಿಸಿ ಪುಡಿಯ ಅಗ್ನಿಶಾಮಕವನ್ನು ಜಾರುಬಾಗಿಲಿನ ಬಳಿ ಕೈಗೆಟುಕುವಂತೆ ಇಡಿ. ಎಷ್ಟೋ ಡೆಲಿವರಿ ವ್ಯಾನುಗಳ ಹಿಂಬಾಗಿಲಿಗೆ ಒಳಗಿನಿಂದ ಹಿಡಿಕೆಯೇ ಇರುವುದಿಲ್ಲ. ಇದ್ದರೂ ಒಂಬತ್ತು ವರ್ಷದ ಮಗುವಿಗೆ ಕತ್ತಲಲ್ಲಿ ಅದನ್ನು ತೆರೆಯಲು ಬರುತ್ತದೆಯೇ ಎಂದು ಮನೆಯ ಮುಂದೆಯೇ ಮಾಡಿಸಿ ನೋಡಿ.

ನೀರು ಲೀಟರಿಗೆ ಒಂದು ಕಿಲೋ. ನಾಲ್ವರಿಗೆ ಎರಡು ದಿನಕ್ಕೆ ಅರವತ್ತು ಲೀಟರ್ ಸಾಕು, ಇಪ್ಪತ್ತರ ಮೂರು ಕ್ಯಾನುಗಳನ್ನು ಗಾಲಿಗಳ ನಡುವೆ ನೆಲಕ್ಕೆ ಬಿಗಿದರೆ ಟ್ಯಾಂಕು, ಪಂಪಿನ ಖರ್ಚು ಉಳಿಯುತ್ತದೆ.

ತಂಗುವ ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು ಹೇಳುವುದು ಅಗತ್ಯ. ಖಾನಾಪುರದ ಭೀಮಗಡ, ಬೀಳಗಿ ಕಡೆಯ ಯಡಹಳ್ಳಿಯಂಥ ವನ್ಯಧಾಮಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಾಡಿ ನಿಲ್ಲಿಸಿ ಮಲಗುವಂತಿಲ್ಲ. ನವಿಲುತೀರ್ಥ, ಆಲಮಟ್ಟಿಯ ಹಿನ್ನೀರಿನ ಅಂಚು ಒಣಗಿದಾಗ ಗಟ್ಟಿಯಾಗಿ ಕಾಣುತ್ತದೆ, ಆದರೆ ಅದು ಎರೆಮಣ್ಣು. ರಾತ್ರಿ ಒಂದು ಹದ ಮಳೆ ಬಿದ್ದರೂ ಎರಡು ಟನ್ನಿನ ಗಾಡಿ ಬೆಳಿಗ್ಗೆ ಅಚ್ಚಿನವರೆಗೆ ಹೂತಿರುತ್ತದೆ. ಗರಸಿನ ಹಾದಿ ಬಿಟ್ಟು ಗಾಲಿ ಇಳಿಸಬೇಡಿ, ಪರಿಚಯದವರ ಹೊಲವಾದರೂ ಮನೆಯಂಗಳದ ಗಟ್ಟಿ ನೆಲದಲ್ಲೇ ನಿಲ್ಲಿಸಿ. ದೀಪಾವಳಿ ಮತ್ತು ಕ್ರಿಸ್‌ಮಸ್ ರಜೆಯ ಪ್ರವಾಸವಾದರೆ ಅದು ಕಬ್ಬು ಕಡಿಯುವ ಕಾಲ: ಮುಧೋಳ, ಜಮಖಂಡಿ, ಗೋಕಾಕದ ರಸ್ತೆಗಳಲ್ಲಿ ಹಿಂದೀಪವಿಲ್ಲದ ಜೋಡಿ ಟ್ರೇಲರ್‌ಗಳು ರಾತ್ರಿಯಿಡೀ ಓಡುತ್ತವೆ. ಭಾರ ತುಂಬಿದ ಎತ್ತರದ ವ್ಯಾನಿಗೆ ಬ್ರೇಕಿನ ದೂರ ಕಾರಿಗಿಂತ ಹೆಚ್ಚು ಬೇಕಾಗುವುದರಿಂದ, ಹೊತ್ತು ಮುಳುಗುವ ಮೊದಲೇ ತಂಗುವ ಜಾಗ ತಲುಪುವಂತೆ ದಿನದ ದೂರವನ್ನು ಗೊತ್ತುಮಾಡಿಕೊಳ್ಳಿ.